ಜೋಕಪ್ಪ ಸಾಯುವ ಹಿಂದಿನ ದಿನ

ಕೊಪ್ಪಳ ತಾಲ್ಲೂಕಿನಲ್ಲಿ ನಾನು ಪಾಠ ಹೇಳುವ ಪ್ರೌಢಶಾಲೆಯ ಗೇಟಿನ ಒಳಮಗ್ಗುಲಿಗೆ ಒಂದು ಕರಿಹಲಗೆಯಿದ್ದು, ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದ ಕೆಳಗೆ ದಿನವೂ ನಾಲ್ಕಾರು ಸಾಲು ಬರೆಯುವ ಹೊಣೆ ಸಮಾಜ ವಿಜ್ಞಾನದ ಶಿಕ್ಷಕನಾದ ನನ್ನ ಮೇಲಿದೆ. ಹುಟ್ಟು, ಸಾವು, ಯುದ್ಧ, ಒಪ್ಪಂದಗಳ ಆ ಪಟ್ಟಿಯನ್ನು ಮಕ್ಕಳು ಬಿಸಿಯೂಟದ ಸಾಲಿನಲ್ಲಿ ನಿಂತಾಗ ಹೊತ್ತು ಹೋಗದೆ ಓದುತ್ತಾರೆಂಬುದು ನನಗೆ ಗೊತ್ತು. ಆದರೆ ಸೆಪ್ಟೆಂಬರ್ 17ರಂದು ಮಾತ್ರ ಊರಿನ ಹಿರಿಯರೂ ಧ್ವಜಾರೋಹಣಕ್ಕೆ ಬರುವುದರಿಂದ, ಹಲಗೆಯನ್ನು ಹಿಂದಿನ ಸಂಜೆಯೇ ತೊಳೆದು, ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ರೂಢಿ. 1948ರ ಅದೇ ದಿನ ಹೈದರಾಬಾದ್ ನಿಜಾಮರು ಭಾರತದ ಸೇನೆಯೆದುರು ಕದನ ನಿಲ್ಲಿಸುವುದಾಗಿ ರೇಡಿಯೋದಲ್ಲಿ ಸಾರಿದ ಕಾರಣ, ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳ ಪಾಲಿಗೆ ಅದು ಎರಡನೆಯ ಸ್ವಾತಂತ್ರ್ಯ ದಿನ. ನಮ್ಮ ಕೊಪ್ಪಳ ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ತುಂಗಭದ್ರಾ ಹೊಳೆಯಾಚೆಯ ಬಳ್ಳಾರಿ, ಹೊಸಪೇಟೆಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅವರಿಗೆ 1947ರ ಆಗಸ್ಟ್ 15 ಒಂದೇ ಸಾಕಾಗಿತ್ತು. ನಮಗೆ ಇನ್ನೂ ಹದಿಮೂರು ತಿಂಗಳು ಬೇಕಾಯಿತು.

2024ರ ಆ ಹಲಗೆಗೆ ನಾನು ಆರಿಸಿಕೊಂಡ ಸಾಲುಗಳು ಹೀಗಿದ್ದವು. 1683ರಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಹಲ್ಲಿನ ಕೊಳೆಯಲ್ಲಿ ಸಣ್ಣ ಜೀವಿಗಳು ಓಡಾಡುವುದನ್ನು ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ 39 ಜನ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದ್ದು. ಆ ಸಂವಿಧಾನದಡಿ ಕೂಡಿದ ರಾಜ್ಯಗಳೇ ಎರಡಾಗಿ 1862ರಲ್ಲಿ ಆಂಟೀಟಮ್ ಹಳ್ಳದ ಬಳಿ ಕಾದಾಡಿ, ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನದಲ್ಲಿ ಸುಮಾರು 23,000 ಜನರನ್ನು ಕಳೆದುಕೊಂಡದ್ದು. 1939ರಲ್ಲಿ ಸೋವಿಯತ್ ಸೇನೆ ಪೂರ್ವದಿಕ್ಕಿನಿಂದ ಪೋಲೆಂಡಿಗೆ ನುಗ್ಗಿದ್ದು. ಇವುಗಳಲ್ಲಿ ಮಕ್ಕಳಿಗೆ ಹಿಡಿಸಿದ್ದು ಹಲ್ಲಿನ ಕೊಳೆಯೊಂದೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1948. ನಿಜಾಮರು ಕದನ ನಿಲ್ಲಿಸುವುದಾಗಿ ಸಾರಿದ ಅದೇ ಸಂಜೆ ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ, ಸ್ವೀಡನ್ನಿನ ಕೌಂಟ್ ಫೋಲ್ಕೆ ಬರ್ನಡಾಟ್ ಅವರ ಕಾರನ್ನು ಲೇಹಿ ಎಂಬ ಯಹೂದಿ ಉಗ್ರ ಗುಂಪಿನವರು ಜೀಪು ಅಡ್ಡ ಹಾಕಿ ನಿಲ್ಲಿಸಿ, ಅವರನ್ನೂ ಪಕ್ಕದಲ್ಲಿದ್ದ ಫ್ರೆಂಚ್ ಅಧಿಕಾರಿಯನ್ನೂ ಗುಂಡಿಟ್ಟು ಕೊಂದರು. ಬರೀ ತಾರೀಖು ಕೂಡಿಬಂದಿದ್ದರೆ ನಾನು ಅದನ್ನು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ಈ ಎರಡು ಸುದ್ದಿಗಳೂ ಹೋಗಿ ಮುಟ್ಟಿದ್ದು ಒಂದೇ ಬಾಗಿಲಿಗೆ. ನಿಜಾಮರ ಸರ್ಕಾರ ಭಾರತದ ಮೇಲೆ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಮಂಡಳಿ ಪ್ಯಾರಿಸಿನಲ್ಲಿ ಆ ದೂರನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಮರುದಿನ ದೂರುದಾರನೇ ಸೋಲೊಪ್ಪಿಕೊಂಡ. ಅತ್ತ ವಿಶ್ವಸಂಸ್ಥೆಯ ಸಂಧಾನಕಾರನೇ ಕೊಲೆಯಾದ. ಹದಿನೆಂಟರಂದು ಮಂಡಳಿ ಮತ್ತೆ ಸೇರಿದಾಗ ಮೇಜಿನ ಮೇಲಿದ್ದದ್ದು ಬರ್ನಡಾಟ್ ಅವರ ಸಾವು. ಅವರ ಕೆಲಸವನ್ನು ಮುಂದುವರಿಸಿದ ರಾಲ್ಫ್ ಬಂಚ್ ಅವರಿಗೆ 1950ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮೂವತ್ತು ವರ್ಷ ತುಂಬಿದ ದಿನವೇ, 1978ರ ಸೆಪ್ಟೆಂಬರ್ 17ರಂದು, ಈಜಿಪ್ಟಿನ ಸಾದತ್ ಮತ್ತು ಇಸ್ರೇಲಿನ ಬೆಗಿನ್ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಮಾತುಕತೆಯ ಒಪ್ಪಂದಗಳಿಗೆ ಸಹಿ ಹಾಕಿದರು. ಹಲಗೆಯಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲದೆ, ಅಕ್ಷರ ಕೆಳಗಿಳಿದಂತೆ ಸಣ್ಣದಾಗುತ್ತ ಹೋದವು.

ಧ್ವಜಾರೋಹಣ ಮುಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ನಾನು ಅಮ್ಮನನ್ನು ನೋಡಲು ಹೋದೆ. ನಮ್ಮ ಕಡೆ ಹೆತ್ತವಳು ಅವ್ವ, ಅವ್ವನ ಅವ್ವ ಅಮ್ಮ. ಅಮ್ಮನಿಗೆ ಆಗ ಎಂಬತ್ತೆಂಟರ ಆಸುಪಾಸು. ನಿಜಾಮರ ಪರವಾದ ಖಾಸಗಿ ದಂಡಿನವರಾದ ರಜಾಕಾರರ ಹಾವಳಿ ಹೆಚ್ಚಾದ 1948ರ ಬೇಸಿಗೆಯಲ್ಲಿ, ಹೊಳೆ ಇಳಿದಿದ್ದಾಗ, ಅವಳ ಮನೆಯವರು ರಾತ್ರೋರಾತ್ರಿ ಹರಿಗೋಲು ಹತ್ತಿ ಹೊಸಪೇಟೆ ಸೀಮೆಗೆ ಹೋಗಿ, ಪರಿಚಯದವರ ದನದ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು ಕಳೆದಿದ್ದರು. ನಿಜಾಮರ ವಿರುದ್ಧ ಹೋರಾಡಿದವರ ಮುಂಡರಗಿಯ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಜೊತೆಗಿದ್ದವರ ಕಥೆಗಳನ್ನು ನಾವು ವರ್ಷವರ್ಷವೂ ಭಾಷಣಗಳಲ್ಲಿ ಕೇಳುತ್ತೇವೆ. ಕೊಟ್ಟಿಗೆಯಲ್ಲಿ ಕಾದವರ ಕಥೆಗೆ ಅಷ್ಟು ಕಿವಿಗಳಿಲ್ಲ.

ಅದಕ್ಕೂ ಎರಡು ವರ್ಷದ ಹಿಂದೆ, ಶಾಲೆಯ ಸ್ಮರಣ ಸಂಚಿಕೆಗಾಗಿ ನಾನೇ ಅವಳ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. “ಜೋಕಪ್ಪ ಸಾಯೋ ಹಿಂದಿನ ದಿನ, ಶುಕ್ರವಾರ. ನಮ್ಮವ್ವ ಹುಲಿಗೆಮ್ಮನ ಹೆಸರಿಲೆ ಒಪ್ಪತ್ತು ಇದ್ದಳು. ಸಂಜಿಕೆ ಬಜಾರದಾಗ ರೇಡಿಯೋ ಮುಂದ ಮಂದಿ ಕೂಡಿ ಕೂಗಾಕ ಹತ್ತಿದ್ರು” ಎಂದಿದ್ದಳು. ನಾನು ಬರಹಕ್ಕಿಳಿಸುವಾಗ ಜೋಕಪ್ಪನನ್ನೂ ಶುಕ್ರವಾರವನ್ನೂ ಒಪ್ಪತ್ತನ್ನೂ ತೆಗೆದುಹಾಕಿ ‘1948ರ ಸೆಪ್ಟೆಂಬರ್ 17ರ ಸಂಜೆ’ ಎಂದು ತಿದ್ದಿದ್ದೆ. ವಯಸ್ಸಾದವರು ಹಬ್ಬಹುಣ್ಣಿಮೆಗಳನ್ನು ಒಂದರ ಮೇಲೊಂದು ಪೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆಂದು ನನಗೆ ಆಗ ಪೂರ್ತಿ ನಂಬಿಕೆಯಿತ್ತು.

ಆ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕುಳಿತಿದ್ದಾಗ ಅಂಬಿಗರ ಹೆಣ್ಣುಮಕ್ಕಳು ಜೋಕುಮಾರನ, ಅಂದರೆ ಜೋಕಪ್ಪನ, ಬುಟ್ಟಿ ಹೊತ್ತು ಓಣಿಗೆ ಬಂದರು. ಭಾದ್ರಪದದ ಅಷ್ಟಮಿಗೆ ಹುಟ್ಟಿ, ಬೇವಿನ ಸೊಪ್ಪಿನ ನಡುವೆ ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಊರೆಲ್ಲ ತಿರುಗಿ, ಹುಣ್ಣಿಮೆಯ ರಾತ್ರಿ ಸಾಯುವ ಮಣ್ಣಿನ ಮಳೆದೇವರು ಅವನು. ಅಮ್ಮ ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ಹಾಕಿಸಿ, ಹೊಲಕ್ಕೆ ಚೆಲ್ಲಲು ಅವರು ಕೊಟ್ಟ ನುಚ್ಚನ್ನು ಸೆರಗಿನಲ್ಲಿ ಕಟ್ಟಿಕೊಂಡು, “ನಾಳೆ ಸಾಯ್ತಾನ. ಅವತ್ತೂ ಹಿಂಗ ಇತ್ತು ನೋಡಪ್ಪ ಮಾಸ್ತರ” ಎಂದಳು.

ನಾನು ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದೆ. ಸೆಪ್ಟೆಂಬರ್ 17ರ ಚೌಕದಲ್ಲಿ ‘ಅನಂತ ಚತುರ್ದಶಿ’ ಎಂದೂ, ಮರುದಿನದ ಚೌಕದಲ್ಲಿ ಹುಣ್ಣಿಮೆಯ ಬಿಳಿ ಚಂದ್ರನೂ ಇದ್ದವು. ಹತ್ತೊಂಬತ್ತು ಸೌರವರ್ಷ ಮತ್ತು 235 ಚಾಂದ್ರಮಾಸಗಳ ಅವಧಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಹತ್ತೊಂಬತ್ತು ವರ್ಷಕ್ಕೊಮ್ಮೆ ತಾರೀಖು ಮತ್ತು ತಿಥಿ ಮತ್ತೆ ಹತ್ತಿರ ಬರುತ್ತವೆ ಎಂದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದುಂಟು. 2024ರಿಂದ 1948ನ್ನು ಕಳೆದರೆ 76. ಅದು ಹತ್ತೊಂಬತ್ತರ ನಾಲ್ಕು ಪಟ್ಟು. ಫೋನಿನಲ್ಲಿ ಹಳೆಯ ಪಂಚಾಂಗ ತೆಗೆದು ನೋಡಿದಾಗ, 1948ರ ಹುಣ್ಣಿಮೆ ಬಿದ್ದದ್ದು ಸೆಪ್ಟೆಂಬರ್ 18ರಂದು. ಹದಿನೇಳನೆಯ ತಾರೀಖು ಚತುರ್ದಶಿ, ವಾರ ಶುಕ್ರವಾರ. ಹುಲಿಗಿಯ ಹುಲಿಗೆಮ್ಮನಿಗೆ ಮಂಗಳವಾರ, ಶುಕ್ರವಾರಗಳೇ ವಿಶೇಷ ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಿಲ್ಲ. ಸಾಲೆಯ ಮೆಟ್ಟಿಲು ಹತ್ತದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ದಿನವನ್ನು ಚಂದ್ರನಿಂದಲೂ ವಾರದಿಂದಲೂ ತಾಯಿಯ ಹಸಿವಿನಿಂದಲೂ ಮೂರು ಕಡೆ ಗಂಟು ಹಾಕಿ ಇಟ್ಟುಕೊಂಡಿದ್ದಳು. ಪದವಿ ಪಡೆದ ನಾನು ಆ ಮೂರನ್ನೂ ಬಿಚ್ಚಿ ಬಿಸಾಡಿದ್ದೆ.

ನಿಜಕ್ಕೂ ಅಂದು ಈ ದಂಡೆಯಲ್ಲಿ ‘ಸೆಪ್ಟೆಂಬರ್ 17’ ಎಂದು ಎಣಿಸುತ್ತಿದ್ದವರಾದರೂ ಎಷ್ಟು ಜನ? ನಿಜಾಮರ ಕಚೇರಿಯ ಲೆಕ್ಕ ನಡೆಯುತ್ತಿದ್ದದ್ದು ಆಜೂರ್, ದೈ, ಬಹಮನ್ ಎಂಬ ಪರ್ಷಿಯನ್ ಹೆಸರಿನ ತಿಂಗಳುಗಳ ಫಸಲಿ ವರ್ಷದಲ್ಲಿ. ಆಗ ಅದು ಫಸಲಿ 1357. ರೂಪಾಯಿಯೂ ಬೇರೆಯೇ ಆಗಿತ್ತು, ಹೊಳೆಯಾಚೆಯ ಕಲ್ದಾರ್ 6 ರೂಪಾಯಿಗೆ ಈಚೆಯ ಹಾಲಿ 7 ರೂಪಾಯಿ. ಹರಿಗೋಲಿನಲ್ಲಿ ಹೊಳೆ ದಾಟಿದವರು ದುಡ್ಡಿನ ಜೊತೆಗೆ ತಿಂಗಳನ್ನೂ ವರ್ಷವನ್ನೂ ಬದಲಿಸಿಕೊಳ್ಳಬೇಕಿತ್ತು. ಎರಡೂ ದಂಡೆಯಲ್ಲಿ ಒಂದೇ ದಿನ ಸಾಯುತ್ತಿದ್ದವನು ಜೋಕಪ್ಪ ಮಾತ್ರ. (ಇಂಗ್ಲೆಂಡಿನವರೇ 1752ರಲ್ಲಿ ಪಂಚಾಂಗ ಸರಿಪಡಿಸಿಕೊಳ್ಳಲು ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು ಹನ್ನೊಂದು ದಿನ ನುಂಗಿದವರು, ಆ ವರ್ಷ ಅವರ ಹದಿನೇಳನೆಯ ತಾರೀಖು ಎರಡನೆಯ ತಾರೀಖಾದ ನಾಲ್ಕೇ ದಿನಕ್ಕೆ ಬಂದಿತ್ತು.)

ಅಮ್ಮ ಹೇಳಿದ್ದರಲ್ಲಿ ನಾನು ಸಂಚಿಕೆಯಿಂದ ಬಿಟ್ಟ ಇನ್ನೊಂದು ಮಾತೂ ಇತ್ತು. ಅವರು ಊರಿಗೆ ಹೊಳ್ಳಿ ಬಂದಾಗ ಪಕ್ಕದ ಮನೆಗೆ ಬೀಗವಿತ್ತು. ಹತ್ತಿ ಹಿಂಜಿ ಗಾದಿ ಮಾಡಿಕೊಡುತ್ತಿದ್ದ, ರಜಾಕಾರರ ಸಂಗಡ ಯಾವ ಸಂಬಂಧವೂ ಇರದಿದ್ದ ಆ ಪಿಂಜಾರರ ಮನೆಯವರು ಅದೇ ತಿಂಗಳು ಹೆದರಿ ಊರು ಬಿಟ್ಟಿದ್ದರು, ಮತ್ತೆ ಬರಲಿಲ್ಲ. ಪೊಲೀಸ್ ಕಾರ್ಯಾಚರಣೆ ಎನಿಸಿಕೊಂಡ ಭಾರತದ ಆ ಸೇನಾ ಕಾರ್ಯಾಚರಣೆಯ ವೇಳೆಯಲ್ಲೂ ನಂತರವೂ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ ಕಡಿಮೆಯೆಂದರೂ 27,000ದಿಂದ 40,000 ಎಂದು ಭಾರತ ಸರ್ಕಾರ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತ್ತು. ನಮ್ಮ ಧ್ವಜಾರೋಹಣದ ಭಾಷಣಗಳಲ್ಲಿ ಈ ಅಂಕಿಗೆ ಜಾಗ ಸಿಕ್ಕಿದ್ದನ್ನು ನಾನು ಕೇಳಿಲ್ಲ. ನನ್ನ ಹಲಗೆಯಲ್ಲೂ ಸಿಕ್ಕಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಟಿವಿಯಲ್ಲಿ ಲೆಬನಾನಿನ ಸುದ್ದಿ ಬರತೊಡಗಿತು. ಹಿಜ್ಬುಲ್ಲಾ ಸಂಘಟನೆಯವರ ಬಳಿಯಿದ್ದ ಸಾವಿರಾರು ಪೇಜರ್‌ಗಳು ಆ ಮಧ್ಯಾಹ್ನ ಸರಿಸುಮಾರು ಒಂದೇ ಹೊತ್ತಿಗೆ, ಅಂಗಡಿ, ಮನೆ, ಬೀದಿಗಳಲ್ಲಿ ಸಿಡಿದು, ಮಕ್ಕಳೂ ಸೇರಿದಂತೆ ಹಲವರು ಸತ್ತು ಸಾವಿರಾರು ಜನ ಗಾಯಗೊಂಡಿದ್ದರು. ಬರ್ನಡಾಟ್ ಸತ್ತ ನೆಲದ ನೆರೆಯಲ್ಲೇ, ಅದೇ ಜಗಳದ ಮುಂದುವರಿಕೆಯಲ್ಲಿ, ನನ್ನ ಪಟ್ಟಿಗೆ ಅದೇ ದಿನ ಮತ್ತೊಂದು ಸಾಲು ಸೇರಿತ್ತು. ಪೇಜರ್ ಎಂದರೇನೆಂದು ಅಮ್ಮ ಕೇಳಿದಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಯಂತ್ರ, ಯಾರೋ ಕರೆದರೆ ಸದ್ದು ಮಾಡುತ್ತದೆ ಎಂದೆ. ಅವಳು ತುತ್ತು ಕೈಯಲ್ಲೇ ಹಿಡಿದು, “ಕರೀತಾರ ಅಂತ ತೆಗೆದು ನೋಡ್ಯಾರಲ್ಲೋ” ಎಂದಳು. ಆಮೇಲೆ ಟಿವಿ ಆರಿಸಲು ಹೇಳಿದಳು.

ಮರುದಿನ ಬೆಳಿಗ್ಗೆ ಹಲಗೆಯನ್ನು ನಾನು ಅಳಿಸಲಿಲ್ಲ. ಕ್ಯಾಂಪ್ ಡೇವಿಡ್ ಸಾಲಿನ ಕೆಳಗೆ ಲೆಬನಾನನ್ನು ಸೇರಿಸಿ, ಆಂಟೀಟಮ್ ಸಾಲನ್ನು ಒರೆಸಿ ಮಾಡಿಕೊಂಡ ಜಾಗದಲ್ಲಿ ‘1948: ಭಾದ್ರಪದ ಶುದ್ಧ ಚತುರ್ದಶಿ, ಶುಕ್ರವಾರ, ಜೋಕುಮಾರ ಸಾಯುವ ಹಿಂದಿನ ದಿನ’ ಎಂದು ಬರೆದು, ಅದರ ಪಕ್ಕಕ್ಕೆ ಸುಂದರಲಾಲ್ ಸಮಿತಿಯ ಅಂಕಿಯನ್ನು ಹಾಕಿದೆ. ಬರೆಯುತ್ತಿದ್ದಾಗ ಗೇಟಿನ ಹೊರಗೆ ಬುಟ್ಟಿ ಹೊತ್ತವರು ಹಾದುಹೋದರು. ಅವರ ನಡುವೆ, ವಾರದಿಂದ ಹಾಜರಿ ಪುಸ್ತಕದಲ್ಲಿ ನಾನು ಗೈರುಹಾಜರಿ ಹಾಕುತ್ತ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಯೂ ತಾಯಿಯ ಪಕ್ಕದಲ್ಲಿ ಜೋಳದ ಚೀಲ ಹಿಡಿದು ನಡೆಯುತ್ತಿದ್ದಳು. ಅವಳು ನಿಂತು ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿ, “ಸರ, ಇವತ್ತು ರಾತ್ರಿ ಮುಗೀತೈತ್ರಿ. ನಾಳೆಯಿಂದ ಸಾಲಿಗೆ ಬರ್ತೀನ್ರಿ” ಎಂದು ಹೇಳಿ, ಬುಟ್ಟಿಯ ಹಿಂದೆ ಓಡಿದಳು.