ಟೆರೆಜಿನ್‌ಗೆ ಹೋಗುವವರು ಊರೊಳಗೆ ಇಳಿಯಿರಿ

ಪ್ರಾಗ್‌ನಲ್ಲಿ ನಾವು ಉಳಿದುಕೊಂಡಿದ್ದ ಹೋಟೆಲಿನ ಪಕ್ಕದ ಅಂಗಡಿಯಲ್ಲಿ ‘ಟೆರೆಜಿನ್ ಗೆಟ್ಟೊ, ಅರ್ಧ ದಿನದ ಪ್ರವಾಸ’ ಎಂಬ ಫಲಕ ನೋಡಿ ಅಕ್ಕನೂ ನಾನೂ ಹಿಂದುಮುಂದು ನೋಡದೆ ಟಿಕೆಟ್ ಕೊಂಡೆವು. ಗೆಟ್ಟೊ ಎಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗ. ಮರುದಿನ ಬೆಳಿಗ್ಗೆ ಒಂದು ಸೀಟೂ ಖಾಲಿಯಿಲ್ಲದ ಬಸ್ಸು ನಮ್ಮನ್ನು ‘ಚಿಕ್ಕ ಕೋಟೆ’ಯ ಮುಂದೆ ಇಳಿಸಿತು. ಅಲ್ಲಿ ಒಂದೂವರೆ ಗಂಟೆ ಸುತ್ತಾಡಿಸಿ, ಊರಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ‘ಇಪ್ಪತ್ತೈದು ನಿಮಿಷ’ ಎಂದು ಹೇಳಿ, ಮಧ್ಯಾಹ್ನ ಎರಡಕ್ಕೆ ಪ್ರಾಗ್‌ಗೆ ವಾಪಸ್ ತಂದುಬಿಟ್ಟರು. ವಿವರಿಸಿದ ಹೆಂಗಸು ಚೆನ್ನಾಗಿ ತಿಳಿದವರು, ಅವರ ಮೇಲೆ ನನಗೆ ದೂರಿಲ್ಲ. ಆದರೆ ಗೆಟ್ಟೊ ತೋರಿಸುತ್ತೇವೆಂದು ಹಣ ಪಡೆದವರು ಗೆಟ್ಟೊವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ತೋರಿಸಿದರು ಎಂಬುದು ನನಗೆ ಹೊಳೆದದ್ದು ರಾತ್ರಿ ಕೂತು ನಕ್ಷೆ ನೋಡಿದಾಗ.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕಟ್ಟಿಸಿ, ತಾಯಿ ಮರಿಯಾ ತೆರೇಸಾಳ ಹೆಸರಿಟ್ಟ ಸೈನಿಕ ನೆಲೆ ಇದು. ಒಹ್ರ್ಜೆ ನದಿಯ ಒಂದು ಕಡೆ ಚಿಕ್ಕ ಕೋಟೆ, ಇನ್ನೊಂದು ಕಡೆ ಗೋಡೆ ಸುತ್ತುವರಿದ ಇಡೀ ಊರು. ಚಿಕ್ಕ ಕೋಟೆಯನ್ನು 1940ರ ಜೂನ್‌ನಿಂದ ನಾತ್ಸಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಸೆರೆಮನೆಯಾಗಿ ಬಳಸಿತು. ಸುಮಾರು 32,000 ಕೈದಿಗಳು ಅದರೊಳಗೆ ಹಾದುಹೋದರು, ಅವರಲ್ಲಿ ಹೆಚ್ಚಿನವರು ನಾತ್ಸಿಗಳನ್ನು ವಿರೋಧಿಸಿದ ಚೆಕ್ ಜನರು. ಗೆಟ್ಟೊ ಇದ್ದದ್ದು ಊರಿನಲ್ಲಿ. ಸೈನಿಕರೂ ನಾಗರಿಕರೂ ಸೇರಿ ಏಳು ಸಾವಿರ ಜನ ಬಾಳುತ್ತಿದ್ದ ಜಾಗಕ್ಕೆ 1941ರ ನವೆಂಬರ್‌ನಿಂದ ಯಹೂದಿಗಳನ್ನು ತಂದು ತುಂಬಿದರು. 1942ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ 58,000ಕ್ಕೂ ಹೆಚ್ಚು ಜನರಿದ್ದರು. ಯುದ್ಧ ಮುಗಿಯುವುದರೊಳಗೆ ಇಲ್ಲಿಗೆ ಬಂದ 1,40,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 33,000 ಮಂದಿ ಹಸಿವು ಮತ್ತು ರೋಗಗಳಿಂದ ಇಲ್ಲಿಯೇ ಸತ್ತರು. ಸುಮಾರು 88,000 ಮಂದಿಯನ್ನು ಇಲ್ಲಿಂದ ಆಶ್ವಿಟ್ಜ್ ಹತ್ಯಾಶಿಬಿರ ಮೊದಲಾದ ಕಡೆಗೆ ಸಾಗಿಸಲಾಯಿತು.

ಹಾಗೆಂದು ಚಿಕ್ಕ ಕೋಟೆಯನ್ನು ಬಿಡಬೇಡಿ. ಅಲ್ಲಿ ಒಂದು ಕ್ಷೌರದ ಕೋಣೆಯಿದೆ. ಗೋಡೆಗಳ ಉದ್ದಕ್ಕೂ ಸಾಲಾಗಿ ಬಿಳಿಯ ಬೇಸಿನ್‌ಗಳು, ಪ್ರತಿಯೊಂದರ ಮೇಲೂ ಕನ್ನಡಿ. ತಪಾಸಣೆಗೆ ಬರುವವರ ಕಣ್ಣಿಗೆ ಕಾಣಲೆಂದು ಮಾಡಿದ್ದು, ಕೈದಿಗಳು ಒಂದು ದಿನವೂ ಬಳಸಲಿಲ್ಲ ಎಂದು ಹಿಂದಿನ ದಿನದ ಪ್ರವಾಸದ ಆ ಹೆಂಗಸು ವಿವರಿಸಿದರು. ಊರಿನಲ್ಲಿಯೂ ಇಂಥದ್ದೇ ನಡೆಯಿತು. 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳು ಬರುವವರಿದ್ದರೆಂದು ಮನೆಗಳಿಗೆ ಬಣ್ಣ ಬಳಿದರು, ಹೂವಿನ ಗಿಡ ನೆಟ್ಟರು, ಮಕ್ಕಳಿಗೆ ಆಟದ ಮೈದಾನ ಮಾಡಿದರು. ಊರು ಇಕ್ಕಟ್ಟಾಗಿ ಕಾಣಬಾರದೆಂದು ಅದಕ್ಕೆ ಮುಂಚೆ ಮೇ ತಿಂಗಳಲ್ಲಿ ಸುಮಾರು 7,500 ಜನರನ್ನು ಆಶ್ವಿಟ್ಜ್‌ಗೆ ಕಳಿಸಿದರು. ಬಂದವರು ನೋಡಿಕೊಂಡು ಹೋದರು. ಆ ಕನ್ನಡಿಗಳ ಮುಂದೆ ನಿಂತಾಗ ನನಗೆ ನನ್ನ ಮುಖವನ್ನೇ ನೋಡಿಕೊಳ್ಳಲಾಗಲಿಲ್ಲ.

ಮರುದಿನ ನಾವಿಬ್ಬರೇ ಮತ್ತೆ ಹೋದೆವು. ಮೆಟ್ರೊದ ಸಿ ಮಾರ್ಗದಲ್ಲಿ ನಾಡ್ರಾಜಿ ಹೊಲೆಷೊವಿತ್ಸೆ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಅಲ್ಲಿಂದಲೇ ಲಿತೊಮೆರ್ಜಿತ್ಸೆ ಕಡೆಯ ಬಸ್ಸು ಹೊರಡುತ್ತದೆ. ಟಿಕೆಟನ್ನು ಚಾಲಕನೇ ಕೊಡುತ್ತಾನೆ. ಪ್ರಯಾಣ ಸುಮಾರು ಒಂದು ಗಂಟೆ. ಅರ್ಧ ದಿನದ ಪ್ರವಾಸಕ್ಕೆ ನಾವು ತೆತ್ತ ಹಣದ ಹತ್ತನೇ ಒಂದು ಭಾಗವೂ ಆಗಲಿಲ್ಲ. ಕೋಟೆಯ ಹತ್ತಿರ ಎಲ್ಲರೂ ಇಳಿಯುತ್ತಾರೆ, ನೀವು ಕುಳಿತೇ ಇರಿ, ಊರೊಳಗೆ ಇಳಿಯಿರಿ. ವಾರಾಂತ್ಯದಲ್ಲಿ ಬಸ್ಸುಗಳು ಕಡಿಮೆ. ಶನಿವಾರವಂತೂ ಯಹೂದಿ ಸ್ಮಶಾನವೂ ಚಿತಾಗಾರವೂ ಮುಚ್ಚಿರುತ್ತವೆ, ಆದ್ದರಿಂದ ವಾರದ ಮಧ್ಯೆ ಹೋಗುವುದು ಒಳ್ಳೆಯದು. ಕೋಟೆಗೂ ಊರಿನ ವಸ್ತುಸಂಗ್ರಹಾಲಯಗಳಿಗೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಅದನ್ನೇ ಕೇಳಿ.

ಈ ಊರಿನಲ್ಲಿ ಈಗಲೂ ಜನ ವಾಸಿಸುತ್ತಾರೆ, ಇದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡು ಹೋಗಿ. ಸಾವಿರಾರು ಮಂದಿಯನ್ನು ತುರುಕಿದ್ದ ಸೈನಿಕ ವಸತಿಯ ಎದುರು ಕಿಟಕಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಗೆಟ್ಟೊ ವಸ್ತುಸಂಗ್ರಹಾಲಯವಿರುವ ಹಳೆಯ ಶಾಲೆಯಲ್ಲಿ ಆಗ ಹುಡುಗರನ್ನು ಇರಿಸಿದ್ದರು. ನೆಲಮಹಡಿಯ ಒಂದು ಕೋಣೆಯ ಗೋಡೆಗಳಲ್ಲಿ ಸತ್ತ ಮಕ್ಕಳ ಹೆಸರುಗಳಿವೆ. ಮಾಗ್ಡೆಬರ್ಗ್ ವಸತಿಯಲ್ಲಿ ಮೂರು ಅಂತಸ್ತಿನ ಮಂಚಗಳ ಮಲಗುಕೋಣೆಯನ್ನು ಮತ್ತೆ ಹಾಗೆಯೇ ನಿರ್ಮಿಸಿ ಇಟ್ಟಿದ್ದಾರೆ. ಗುಂಪು ಕಂಡರೆ ನನಗೆ ಆಗುವುದಿಲ್ಲ. ಇಲ್ಲಿ ಅರ್ಧ ಗಂಟೆ ನಾವಿಬ್ಬರೇ ಇದ್ದೆವು.

ಅಲ್ಲಿಂದ ಚಿತಾಗಾರದ ಕಡೆಗೆ ನಡೆಯುವಾಗ ರಸ್ತೆಯಲ್ಲಿ ಹುದುಗಿರುವ ರೈಲು ಹಳಿಯ ತುಂಡನ್ನು ಗಮನಿಸಿ. 1943ರ ಜೂನ್‌ವರೆಗೆ ಬೊಹುಶೊವಿತ್ಸೆ ನಿಲ್ದಾಣದಲ್ಲಿ ಇಳಿದವರು, ಮುದುಕರೂ ಮಕ್ಕಳೂ ಸೇರಿ, ಗಂಟುಮೂಟೆ ಹೊತ್ತು ಎರಡೂವರೆ ಕಿಲೋಮೀಟರಿಗೂ ಹೆಚ್ಚು ನಡೆದು ಬರುತ್ತಿದ್ದರು. ಆಮೇಲೆ ಈ ಹಳಿ ಬಳಕೆಗೆ ಬಂತು, ಅದನ್ನು ಕೈದಿಗಳ ಕೈಯಿಂದಲೇ ಹಾಕಿಸಿದ್ದರು. ಚಿತಾಗಾರದಲ್ಲಿ ಗಂಡಸರು ತಲೆ ಮುಚ್ಚಿಕೊಳ್ಳುವುದು ವಾಡಿಕೆ, ಟೋಪಿ ಇಟ್ಟುಕೊಳ್ಳಿ. ಸತ್ತವರ ಬೂದಿಯನ್ನು ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಿದ್ದರು; 1944ರ ನವೆಂಬರ್‌ನಲ್ಲಿ ನಾತ್ಸಿಗಳ ಎಸ್‌ಎಸ್ ಪಡೆಯವರು ಸುಮಾರು 22,000 ಜನರ ಬೂದಿಯನ್ನು ಒಹ್ರ್ಜೆ ನದಿಗೆ ಸುರಿಸಿದರು. ನದಿದಂಡೆಯ ಆ ಜಾಗದಲ್ಲಿ ಸ್ಮಾರಕವಿದೆ. ನಾವು ಹೋದಾಗ ಅಲ್ಲಿ ಒಬ್ಬರೂ ಇರಲಿಲ್ಲ. ‘ಅಸ್ಥಿ ಬಿಡೋದಕ್ಕೆ ನಾವು ಹೊಳೆಗೆ ಹೋಗ್ತೀವಿ, ಇವರು ಹೊಳೆಗೆ ಹಾಕಿದ್ದು ಸಾಕ್ಷಿ ಅಳಿಸೋದಕ್ಕೆ ಕಣೇ’ ಎಂದಳು ಅಕ್ಕ. ಆಮೇಲೆ ತುಂಬ ಹೊತ್ತು ನಾವು ಮಾತಾಡಲಿಲ್ಲ.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾಂಸ ತಿನ್ನದವರಿಗೆ ಚೆಕ್ ನಾಡಿನಲ್ಲಿ ಇದೇ ದೊಡ್ಡ ಚಿಂತೆ. ಬೆಳಗಿನ ಮೊದಲ ಬಸ್ಸುಗಳಲ್ಲೇ ಬಂದು ವಸ್ತುಸಂಗ್ರಹಾಲಯಗಳನ್ನು ಹನ್ನೆರಡರೊಳಗೆ ಮುಗಿಸಿ, ಅದೇ ಮಾರ್ಗದ ಬಸ್ಸಿನಲ್ಲಿ ಮೂರು ಕಿಲೋಮೀಟರ್ ಮುಂದಿರುವ ಲಿತೊಮೆರ್ಜಿತ್ಸೆಗೆ ಹೋಗಿ, ಊಟ ಮಾಡಿ, ಚಿತಾಗಾರಕ್ಕೆ ಮಧ್ಯಾಹ್ನ ಮರಳಿ ಬನ್ನಿ. ನಾವು ಹಾಗೆಯೇ ಮಾಡಿದೆವು. ಅಲ್ಲಿ ಕೆಲಸಗಾರರು ಊಟ ಮಾಡುವ ‘ಯೀಡೆಲ್ನಾ’ ಎಂಬ ಊಟದ ಮನೆಗಳಿರುತ್ತವೆ: ನಮ್ಮ ದರ್ಶಿನಿಯಂತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು, ಬಡಿಸುವ ಅಮ್ಮನಿಗೆ ಬೆರಳಲ್ಲಿ ತೋರಿಸುವುದು. ನಮಗೆ ಸಿಕ್ಕಿದ್ದು ಅಣಬೆ ಹಾಕಿದ ಗಟ್ಟಿ ಆಲೂಗಡ್ಡೆ ಸಾರು ಮತ್ತು ಪ್ಲಮ್ ಹಣ್ಣನ್ನು ಹೂರಣವಾಗಿ ತುಂಬಿ ಬೇಯಿಸಿದ ಉಂಡೆಗಳು. ಬಿಸಿ ಉಂಡೆಯ ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ಅರೆದ ಗಸಗಸೆ. ಬಾಯಿಗಿಟ್ಟರೆ ಥೇಟ್ ನಾಗರಪಂಚಮಿಯ ಕಡುಬಿನ ನೆನಪು. ಅವರು ಇದನ್ನೇ ಊಟವೆಂದು ತಿನ್ನುತ್ತಾರೆ. ಇಬ್ಬರ ಊಟಕ್ಕೆ ಆದದ್ದು ಪ್ರಾಗ್‌ನ ಹಳೆಯ ಚೌಕದಲ್ಲಿ ಎರಡು ಕಾಫಿಗೆ ಕೊಟ್ಟಷ್ಟೇ. ಸಾರಿಗೆ ಮಾಂಸದ ರಸ ಬಳಸಿದ್ದಾರೆಯೇ ಎಂದು ತಪ್ಪದೆ ಕೇಳಿ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆಂಬುದೂ ಗೊತ್ತಿರಲಿ. ಒಂದೂವರೆಯೊಳಗೆ ಹೋಗದಿದ್ದರೆ ಪಾತ್ರೆಗಳು ಖಾಲಿಯಾಗಿರುತ್ತವೆ.

ಪ್ರಾಗ್‌ನ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಟೆರೆಜಿನ್ ನೋಡಿದ ಮೇಲೆಯೇ ಹೋಗಬೇಕೆಂಬುದು ನನ್ನ ಅನಿಸಿಕೆ. ಗೆಟ್ಟೊದಲ್ಲಿ ಮಕ್ಕಳಿಗೆ ಕದ್ದುಮುಚ್ಚಿ ಚಿತ್ರ ಕಲಿಸಿದ ಕಲಾವಿದೆ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅವರನ್ನು 1944ರ ಅಕ್ಟೋಬರ್‌ನಲ್ಲಿ ಆಶ್ವಿಟ್ಜ್‌ಗೆ ಒಯ್ದು ಕೊಂದರು. ಎರಡು ಸೂಟ್‌ಕೇಸಿನಲ್ಲಿ ಅಡಗಿಸಿಟ್ಟಿದ್ದ ಸುಮಾರು 4,500 ಮಕ್ಕಳ ಚಿತ್ರಗಳು ಉಳಿದವು. ಅವುಗಳಲ್ಲಿ ಕೆಲವನ್ನು ಇಲ್ಲಿನ ಮಹಡಿಯಲ್ಲಿ ಇಟ್ಟಿದ್ದಾರೆ. ಕೆಳಗಿನ ಗೋಡೆಗಳ ತುಂಬ ಕೊಲ್ಲಲ್ಪಟ್ಟ ಸುಮಾರು 80,000 ಯಹೂದಿಗಳ ಹೆಸರುಗಳನ್ನು ಕೈಯಿಂದಲೇ ಬರೆದಿದ್ದಾರೆ. ಇದೂ ಶನಿವಾರ ಮುಚ್ಚಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಹತ್ತರ ಹೊತ್ತಿಗೆ ಪ್ರವಾಸಿ ಗುಂಪುಗಳು ಬಂದುಬಿಟ್ಟರೆ ಗೋಡೆಯ ಹತ್ತಿರ ನಿಂತು ಒಂದು ಹೆಸರನ್ನು ಓದುವುದಕ್ಕೂ ಹಿಂದಿನವರು ಬಿಡುವುದಿಲ್ಲ.