‘ಅಪರೂಪದ ಹಕ್ಕಿ ಎಲ್ಲಿ ಸಿಗತಾವ್ರಿ?’ ಎಂದು ಕೇಳುವವರಿಗೆ

ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಬಂದಿವೆ ಅಂತ ಪೇಪರಿನಲ್ಲಿ ಸುದ್ದಿ ಬಂದರೆ ಸಾಕು, ಆ ವಾರವೆಲ್ಲ ನನಗೆ ಫೋನು ಬರುತ್ತವೆ. ನವನಗರದವರು, ಜಮಖಂಡಿಯವರು, ಹುಬ್ಬಳ್ಳಿಯಿಂದ ಕ್ಯಾಮೆರಾ ಹಿಡಿದು ಹೊರಟವರು, ಎಲ್ಲರೂ ಕೇಳುವುದು ಇದನ್ನೇ: “ಸರ, ನಮ್ಮ ಕಡೆ ಅಪರೂಪದ ಹಕ್ಕಿ ಎಲ್ಲಿ ಸಿಗತಾವ್ರಿ? ಅದು ಅಪರೂಪದ್ದು ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?” ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೀರಿಗೆ ಬೆನ್ನು ಮಾಡಿ ನಿಲ್ಲಿ. ಮಡ್ಡಿಯ, ಅಂದರೆ ಕಲ್ಲು-ಹುಲ್ಲಿನ ಒಣ ಬಯಲಿನ ಕಡೆ ನೋಡಿ. ಬಾಗಲಕೋಟೆ ಜಿಲ್ಲೆಯಲ್ಲಿ ನಿಜಕ್ಕೂ ಅಪರೂಪ ಆಗಿರುವ ಹಕ್ಕಿಗಳು ಅಲ್ಲಿವೆ.

ಹಾಗಂತ ಹಿನ್ನೀರಿನ ಹಕ್ಕಿಗಳನ್ನು ನಾನು ಕಡೆಗಣಿಸುತ್ತಿಲ್ಲ. ಹೆರಕಲ್ ಸೇತುವೆ ಕಡೆ, ಬೀಳಗಿಯ ದಂಡೆಗಳಲ್ಲಿ, ಡಿಸೆಂಬರ್ ಕಳೆದು ನೀರು ಇಳಿಯುತ್ತಾ ಕೆಸರು ಬಯಲಾದಂತೆ ಹಕ್ಕಿಗಳು ಜಾಸ್ತಿ ಆಗುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು, ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಮೆಟ್ಟುಗಾಲು, ರೀವ, ಹತ್ತಾರು ಬಗೆಯ ಗದ್ದೆಗೊರವ, ಬೇಸಿಗೆ ಹೊತ್ತಿಗೆ ರಾಜಹಂಸ. ನೋಡಲು ಎರಡು ಕಣ್ಣು ಸಾಲದು. ಆದರೆ ಯೋಚನೆ ಮಾಡಿ. ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ ಈ ನೀರು ನಿಂತು ಎಷ್ಟು ಕಾಲವಾಯಿತು? ಅದಕ್ಕೂ ಮೊದಲು ಇಲ್ಲಿ ಹರಿಯುವ ಹೊಳೆ ಇತ್ತು, ದಂಡೆಯಲ್ಲಿ ಹೊಲ ಇದ್ದವು. ಇಷ್ಟು ದೊಡ್ಡ ಕೆಸರು ಬಯಲು ಇರಲಿಲ್ಲ. ನಮ್ಮ ಅಜ್ಜಂದಿರಿಗೆ ರಾಜಹಂಸ ಅಪರೂಪ. ನಮಗೆ ಅದು ಹೆಚ್ಚುಕಡಿಮೆ ಪ್ರತಿ ವರ್ಷದ ನೆಂಟ.

ಒಣ ನೆಲದ ಕತೆ ಇದಕ್ಕೆ ಉಲ್ಟಾ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳ ಅಂಚಿನಲ್ಲಿ ಕುರಿ ಕಾಯುವ ಹಿರಿಯರನ್ನು ಮಾತಾಡಿಸಿದರೆ ಯರಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ) ಮಾತು ಈಗಲೂ ಬರುತ್ತದೆ. “ನಾವು ಸಣ್ಣಾವ್ರಿದ್ದಾಗ ಹೊಲದಾಗ ಅಡ್ಡಾಡತಿದ್ವು ತಮ್ಮಾ, ಆಳೆತ್ತರ ಕಾಣತಿದ್ವು. ಈಗ ಎಲ್ಲೀವು?” ಅಂತ ಒಬ್ಬ ಅಜ್ಜ ಕೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಗಂಡು ಯರಭೂತ 15 ಕಿಲೋವರೆಗೂ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಇವುಗಳ ಕಣ್ಣು ತಲೆಯ ಎರಡೂ ಪಕ್ಕಕ್ಕೆ ಇರುವುದರಿಂದ ಹಾರುವಾಗ ಎದುರಿನ ಕರೆಂಟ್ ತಂತಿ ಸರಿಯಾಗಿ ಕಾಣುವುದಿಲ್ಲ. ಭಾರದ ಮೈಯನ್ನು ಥಟ್ಟನೆ ತಿರುಗಿಸಲೂ ಆಗುವುದಿಲ್ಲ. ಈಗ ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು ಎಂಬ ಅಂದಾಜಿದೆ. ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಒಂದು ಕಾಲಕ್ಕೆ ದಖನ್ನಿನ ಎರಿ ನೆಲದ ಉದ್ದಕ್ಕೂ ಇದ್ದ ಹಕ್ಕಿ ಇದು.

ಯರಭೂತ ಈಗ ನಿಮಗೆ ಇಲ್ಲಿ ಕಾಣುವುದಿಲ್ಲ. ಆದರೆ ಅದು ನಂಬಿದ್ದಂಥ ನೆಲವನ್ನೇ ನಂಬಿ ಬದುಕುವ ಬೇರೆ ಹಕ್ಕಿಗಳು ಕಾಣುತ್ತವೆ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಧಾಮದ ಸುತ್ತಮುತ್ತ, ಊರ ಹೊರಗಿನ ಗೋಮಾಳಗಳಲ್ಲಿ, ಯಾರೂ ಬಿತ್ತದ ಕಲ್ಲುಮಡ್ಡಿಗಳಲ್ಲಿ ನೋಡಿ. ಹಳದಿ ಟಿಟ್ಟಿಭ, ಗೌಜಲಕ್ಕಿ, ಓಡಿ ಓಡಿ ನಿಲ್ಲುವ ಕೋರ್ಸರ್, ನೆಲಗುಬ್ಬಿಗಳು. ಚಳಿಗಾಲಕ್ಕೆ ಬರುವ ಸೆಳೆವಗಳು, ಅಂದರೆ ಹ್ಯಾರಿಯರ್‌ಗಳು. ಈ ಕೊನೆಯವುಗಳ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ‘ಹೆಂಗ ಗೊತ್ತಾಗತೈತ್ರಿ’ ಎಂಬ ಪ್ರಶ್ನೆಗೆ ಇವನ್ನಿಟ್ಟುಕೊಂಡು ಉತ್ತರ ಹೇಳುವುದು ನನಗೆ ಸುಲಭ.

ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆ. ಹಿಂಗಾರಿ ಜೋಳ ಮೊಣಕಾಲು ಮಟ್ಟಕ್ಕೆ ಬಂದಿದೆ. ಪಕ್ಕದ ಮಡ್ಡಿಯ ಹುಲ್ಲಿನ ಮೇಲೆ ಒಂದು ಬೂದು ಹಕ್ಕಿ ಹಾರುತ್ತಿದೆ. ಕೂಡಲೇ ಹೆಸರು ಹುಡುಕಬೇಡಿ. ಅದು ಏನು ಮಾಡುತ್ತಿದೆ ಅಂತ ನೋಡಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕೆಳಗೆ ನೋಡುತ್ತಿದ್ದರೆ ಅದು ಹೆಚ್ಚಾಗಿ ರಾಮದಾಸ ಹದ್ದು. ವರ್ಷವಿಡೀ ಇಲ್ಲೇ ಇರುತ್ತದೆ. ಹೆಗಲ ಮೇಲೆ ಕಪ್ಪು ಮಚ್ಚೆ, ಕೆಂಪು ಕಣ್ಣು, ಗಿಡ್ಡ ಬಾಲ. ಕೂರುವುದು ಕಂಬ, ತಂತಿ, ಜಾಲಿ ಮರದ ತುದಿಯಲ್ಲಿ. ಸೆಳೆವ ಹಾಗಲ್ಲ. ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ಮೇಲೆ ಆಳೆತ್ತರದಲ್ಲಿ ತೇಲುತ್ತಾ, ಅತ್ತಿತ್ತ ವಾಲುತ್ತಾ ಸಾಗುತ್ತದೆ. ಉದ್ದ ಬಾಲ, ಉದ್ದ ರೆಕ್ಕೆ. ದಣಿದರೆ ನೆಲದ ಮೇಲೇ ಕೂರುತ್ತದೆ. ರಾತ್ರಿ ಮಲಗುವುದೂ ಹುಲ್ಲಿನ ನಡುವೆ, ನೆಲದ ಮೇಲೆ.

ಸರಿ, ಸೆಳೆವ ಅಂತ ಆಯಿತು. ಯಾವ ಸೆಳೆವ? ಗಂಡಾದರೆ ಅಷ್ಟು ಕಷ್ಟ ಇಲ್ಲ. ಮೈಯೆಲ್ಲ ತಿಳಿ ಬೂದು, ಕೆಳಗಿನಿಂದ ಹೆಚ್ಚುಕಡಿಮೆ ಬಿಳಿ, ರೆಕ್ಕೆಯ ತುದಿಯಲ್ಲಿ ಮಾತ್ರ ಚೂಪಾದ ಕಪ್ಪು ಇದ್ದರೆ ಅದು ಬಿಳಿ ಸೆಳೆವ. ಬೂದು ಬಣ್ಣ ಸ್ವಲ್ಪ ಗಾಢ, ರೆಕ್ಕೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಹೊಟ್ಟೆಯ ಪಕ್ಕದಲ್ಲಿ ಕಂದು ಗೀರುಗಳಿದ್ದರೆ ಅದು ಮಾಂಟೆಗು ಸೆಳೆವ. ಹೆಣ್ಣುಗಳ ವಿಷಯಕ್ಕೆ ಬಂದರೆ ಅನುಭವ ಇದ್ದವರೂ ತಡವರಿಸುತ್ತಾರೆ. ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಆಗ ಮುಖ ನೋಡಬೇಕು. ಬಿಳಿ ಸೆಳೆವದ ಹೆಣ್ಣಿಗೆ ಕಪ್ಪು ಕೆನ್ನೆಯ ಹಿಂದೆ ತೆಳು ಬಣ್ಣದ ಪಟ್ಟಿಯೊಂದು ಕೊರಳು ಸುತ್ತಿದಂತೆ ಕಾಣುತ್ತದೆ, ಅದರ ಹಿಂದೆ ಕತ್ತು ಮತ್ತೆ ಗಾಢ. ಮಾಂಟೆಗುವಿನಲ್ಲಿ ಆ ಪಟ್ಟಿ ಸ್ಪಷ್ಟ ಇರುವುದಿಲ್ಲ, ಕಣ್ಣಿನ ಸುತ್ತ ಬಿಳಿ ಜಾಸ್ತಿ. ಇಷ್ಟು ಕಾಣದಿದ್ದರೆ ಪುಸ್ತಕದಲ್ಲಿ ‘ಸೆಳೆವ, ಹೆಣ್ಣು, ಯಾವುದೆಂದು ಗೊತ್ತಾಗಲಿಲ್ಲ’ ಎಂದು ಬರೆದುಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಗೊತ್ತಾಗದ ಹಕ್ಕಿಗೆ ಬಲವಂತವಾಗಿ ಹೆಸರಿಟ್ಟರೆ ಆ ತಪ್ಪು ಹೆಸರು ದಾಖಲೆಯಲ್ಲಿ ಕೂತುಬಿಡುತ್ತದೆ. ಮುಂದೆ ಅದನ್ನು ಓದುವವರು ಇಲ್ಲದ ಹಕ್ಕಿಯನ್ನು ಇದೆ ಎಂದುಕೊಳ್ಳುತ್ತಾರೆ.

ಈ ಸೆಳೆವಗಳು ಬರುವುದು ಕಝಾಕಿಸ್ತಾನ, ರಷ್ಯಾ ಕಡೆಯ ಹುಲ್ಲುಗಾವಲುಗಳಿಂದ. ಇಲ್ಲಿ ಮುಖ್ಯವಾಗಿ ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿದು ಬದುಕುತ್ತವೆ. ನಮ್ಮ ರೈತರಿಗೆ ಇವು ಎಷ್ಟು ಉಪಕಾರಿ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಇನ್ನು ವಾಟ್ಸಾಪಿನಲ್ಲಿ ನನಗೆ ಬರುವ ‘ಹೊಸ ಹಕ್ಕಿ’ ಫೋಟೋಗಳ ಮಾತು. ಮಳೆಗಾಲದ ಸುರುವಿಗೆ ಬರುವುದು ಕೇಸರಿ ಬಣ್ಣದ ಬೆಳ್ಳಕ್ಕಿ. ಅದು ದನಗಳ ಹಿಂದೆ ಓಡಾಡುವ ಅದೇ ಬೆಳ್ಳಕ್ಕಿ. ಮರಿ ಮಾಡುವ ಕಾಲಕ್ಕೆ ತಲೆ, ಕೊರಳು, ಬೆನ್ನಿಗೆ ಆ ಬಣ್ಣ ಬರುತ್ತದೆ. ಬಿಳಿ ಕಾಗೆ, ಬಿಳಿ ಗುಬ್ಬಿ ಕೂಡ ಬರುತ್ತವೆ. ಅವು ಬಣ್ಣ ಕಳೆದುಕೊಂಡು ಹುಟ್ಟಿದ ನಮ್ಮದೇ ಕಾಗೆ, ಗುಬ್ಬಿ. ರಾಜಹಂಸದ ಗುಂಪಿನಲ್ಲಿ ಬೂದುಬೂದಾದ ಹಕ್ಕಿ ಕಂಡರೆ ಅದು ಬೇರೆ ಜಾತಿ ಅಲ್ಲ, ಇನ್ನೂ ಗುಲಾಬಿ ಬಣ್ಣ ತುಂಬದ ಎಳೆಯದು. ಕಿರಿಯ ರಾಜಹಂಸ ಎಂಬ ಬೇರೆ ಜಾತಿ ಇದೆ, ನಿಜ. ಅದನ್ನು ಗಾತ್ರ ನೋಡಿ ಹೇಳಬೇಡಿ, ಕೊಕ್ಕು ನೋಡಿ. ದೊಡ್ಡ ರಾಜಹಂಸದ ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ಕಿರಿಯದರ ಕೊಕ್ಕು ದೂರದಿಂದ ಪೂರ್ತಿ ಕಪ್ಪಾಗಿಯೇ ಕಾಣುತ್ತದೆ.

ಬಣ್ಣ ಮೋಸ ಮಾಡುತ್ತದೆ ಅಂತ ನಾನು ಹೇಳುವುದು ಇದಕ್ಕೇ. ನಮ್ಮ ಬಿಸಿಲೂ ಅದಕ್ಕೆ ಸೇರಿಕೊಳ್ಳುತ್ತದೆ. ಇಳಿಬಿಸಿಲಿನಲ್ಲಿ ಬೂದು ಹಕ್ಕಿ ಕಂದಾಗಿ ಕಾಣುತ್ತದೆ. ಮಧ್ಯಾಹ್ನ ಹತ್ತಿರ ಬಂದಂತೆ ನೆಲದ ಕಾವಿಗೆ ಗಾಳಿ ಕುದಿಯುತ್ತದೆ, ದೂರದ ಹಕ್ಕಿಯ ಆಕಾರವೇ ಕದಡುತ್ತದೆ. ಬೆಳಿಗ್ಗೆ ಹತ್ತರೊಳಗೆ ನೋಡಿದ್ದನ್ನು ನಾನು ಜಾಸ್ತಿ ನಂಬುತ್ತೇನೆ.

ಮತ್ತೊಂದು ವಿಷಯ. ಯಾವುದು ಅಪರೂಪ ಎಂಬುದು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಗುಲಾಬಿ ಕಬ್ಬಕ್ಕಿಗಳು ಚಳಿಗಾಲದಲ್ಲಿ ನಮ್ಮ ಜೋಳದ ಹೊಲಕ್ಕೆ ಮೋಡದಂತೆ ಇಳಿಯುತ್ತವೆ. ತೆನೆ ಕಾಯುವವರು ಕವಣೆ ಬೀಸಿ ಬೀಸಿ ಸಾಕಾಗಿರುತ್ತಾರೆ. ಅದೇ ಹಕ್ಕಿ ಇಂಗ್ಲೆಂಡಿನಲ್ಲಿ ಒಂದೇ ಒಂದು ಕಾಣಿಸಿದರೂ ನೋಡಲು ಜನ ಕಾರು ಹತ್ತಿ ಹೊರಡುತ್ತಾರೆ. ನಮ್ಮಲ್ಲೂ ಅದು ಜೂನ್ ತಿಂಗಳಲ್ಲಿ ಕಂಡರೆ ಅಪರೂಪವೇ, ಆಗ ಅವು ಮಧ್ಯ ಏಷ್ಯಾದ ಕಡೆ ಮರಿ ಮಾಡುತ್ತಿರಬೇಕು. ಹಾಗಾಗಿ ಹಕ್ಕಿಯ ಹೆಸರಿನಷ್ಟೇ ತಾರೀಖೂ ಮುಖ್ಯ. ನಿಮ್ಮ ಊರ ಕೆರೆ, ನಿಮ್ಮ ಊರ ಮಡ್ಡಿಗೆ ಎಲ್ಲ ಋತುವಿನಲ್ಲೂ ಹೋಗಿ ಬನ್ನಿ. ಯಾವಾಗ ಏನಿರುತ್ತದೆ ಅಂತ ತಲೆಯಲ್ಲಿ ಕೂತ ಮೇಲೆ, ಇರಬಾರದ್ದು ಬಂದಾಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಮೊಬೈಲಿನ ಮರ್ಲಿನ್ ಆ್ಯಪ್ ಒಳ್ಳೆಯದು, ಕಲಿಯುವವರಿಗೆ ನಾನೇ ಹಾಕಿಸಿಕೊಡುತ್ತೇನೆ. ಆದರೆ ಅದು ಹೇಳಿದ ಹೆಸರನ್ನು ಕೊನೆಯ ಮಾತು ಅಂತ ತಿಳಿಯಬೇಡಿ. ಯಾಕೆ ಈ ಹೆಸರು ಎಂಬುದಕ್ಕೆ ನಿಮ್ಮ ಕಣ್ಣಿಗೆ ಕಂಡ ಕಾರಣ ಬೇಕು. ಹಕ್ಕಿ ನೋಡುಗರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ನಿಮ್ಮ ಪಟ್ಟಿ ಹಾಕಿ. ಈ ಜಾಗಕ್ಕೆ, ಈ ಕಾಲಕ್ಕೆ ಅಪರೂಪದ ಹಕ್ಕಿ ಹಾಕಿದರೆ ಅದು ವಿವರ ಕೇಳುತ್ತದೆ, ತಿಳಿದವರು ಪರಿಶೀಲಿಸುತ್ತಾರೆ. ‘ಚೆನ್ನಾಗಿ ನೋಡಿದೆ’ ಅಂತ ಬರೆದರೆ ಪ್ರಯೋಜನ ಇಲ್ಲ. ಎಷ್ಟು ದೂರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಇತ್ತು, ಯಾವ ಗುರುತು ಕಂಡಿತು, ಯಾವ ಹಕ್ಕಿ ಅಲ್ಲ ಅಂತ ಹೇಗೆ ತೀರ್ಮಾನಿಸಿದಿರಿ, ಇದನ್ನು ಬರೆಯಿರಿ. ಫೋಟೋ ಮಸುಕಾಗಿದ್ದರೂ ಪರವಾಗಿಲ್ಲ. ಸಾಮಾನ್ಯ ಹಕ್ಕಿಗಳನ್ನೂ ಬಿಡದೆ ಬರೆಯಿರಿ. 2023ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ತಯಾರಾಗಿದ್ದು 30,000ಕ್ಕೂ ಹೆಚ್ಚು ಹಕ್ಕಿ ನೋಡುಗರು ಹೀಗೆ ಹಾಕಿದ ಪಟ್ಟಿಗಳಿಂದ. ಅದು 942 ಜಾತಿಗಳನ್ನು ನೋಡಿ, 178 ಜಾತಿಗಳಿಗೆ ತುರ್ತು ಕಾಳಜಿ ಬೇಕು ಎಂದಿತು. ಬಯಲು, ಹುಲ್ಲುಗಾವಲು ನಂಬಿದ ಹಕ್ಕಿಗಳು ತೀರಾ ಇಳಿದಿವೆ ಎಂದಿತು. ನಮ್ಮ ರಾಜ್ಯದ ಪಕ್ಷಿ ನೀಲಕಂಠ ಕೂಡ ಕಡಿಮೆಯಾಗುತ್ತಿದೆ ಎಂಬುದು ಅದೇ ವರದಿಯಲ್ಲಿದೆ. ನೀಲಕಂಠ ಸಾಮಾನ್ಯ ಅಂತ ಎಲ್ಲರೂ ಬರೆಯದೆ ಬಿಟ್ಟಿದ್ದರೆ ಅದು ಕಡಿಮೆಯಾಗುತ್ತಿದೆ ಅಂತ ಯಾರಿಗೆ ಗೊತ್ತಾಗುತ್ತಿತ್ತು?

ಮಡ್ಡಿಯನ್ನು ಬಂಜರು ಎಂದು ಕರೆಯುವುದು ನನಗೆ ತುಂಬಾ ನೋವು ಕೊಡುತ್ತದೆ. ಬಂಜರು ಅಂದ ಕೂಡಲೇ ಅಲ್ಲಿ ಏನಾದರೂ ಮಾಡಬೇಕು ಅನಿಸುತ್ತದೆ. ಗುಂಡಿ ತೋಡಿ ನೀಲಗಿರಿ ಹಚ್ಚುತ್ತಾರೆ, ಮುರ್ರಂ ಅಗೆಯುತ್ತಾರೆ, ಇಲ್ಲವೇ ಬೋರು ಹಾಕಿ ಕಬ್ಬು ಹಚ್ಚುತ್ತಾರೆ. ಹಸಿರು ಮಾಡುತ್ತಿದ್ದೇವೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಸಲ ಇದು ನಡೆಯುತ್ತದೆ. ಆದರೆ ಮರ ದಟ್ಟವಾದ ಕಡೆ ಕೋರ್ಸರ್ ಓಡುವುದಿಲ್ಲ, ಗೌಜಲಕ್ಕಿ ಮೊಟ್ಟೆ ಇಡುವುದಿಲ್ಲ, ಸೆಳೆವ ಮಲಗುವುದಿಲ್ಲ. ಅವಕ್ಕೆ ಬೇಕಾದದ್ದು ಗಿಡ್ಡ ಹುಲ್ಲು, ಬಯಲು, ಕುರಿ ಹಿಂಡು ಬಂದು ಹೋಗುವ ನೆಲ.

ಜಾಗ ಕೇಳುವವರಿಗೆ ಇನ್ನೊಂದು ಮಾತು. ಸೆಳೆವಗಳು ಮಲಗುವ ಹುಲ್ಲುಗಾವಲು, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ತಾವು, ಇವೆರಡನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಹಿನ್ನೀರಿನಲ್ಲಿ ರಾಜಹಂಸ ಹಾರುವ ಫೋಟೋ ಬೇಕು ಅಂತ ಡ್ರೋನ್ ಬಿಡುವುದನ್ನು, ಕಲ್ಲು ಎಸೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ದೂರದಿಂದ ಹಾರಿ ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತಿರುವ ಹಕ್ಕಿಗೆ ಪ್ರತಿ ಸಲ ಎದ್ದು ಹಾರುವುದೂ ಖರ್ಚೇ.

ಬೈನಾಕುಲರ್ ಯಾವುದು ಅಂತಲೂ ಕೇಳುತ್ತೀರಿ. 8x42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜು ಇರುವುದು. ದೊಡ್ಡ ಲೆನ್ಸಿಗಿಂತ ಮೊದಲು ಅದನ್ನು ಕೊಳ್ಳಿ.

ಎಲ್ಲಿಂದ ಸುರು ಮಾಡುವುದು ಎನ್ನುವವರಿಗೆ ಒಂದು ಕೆಲಸ ಕೊಡುತ್ತೇನೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಸ್ತೆ ಬದಿಯ ತಂತಿಯ ಮೇಲಿನ ಪ್ರತಿ ನೀಲಕಂಠವನ್ನೂ ನಿಂತು ನೋಡಿ. ಎದೆ ಕಂದುಗೆಂಪು, ಅದರಲ್ಲಿ ಬಿಳಿ ಗೀರುಗಳಿದ್ದರೆ ಅದು ನಮ್ಮದು. ಹಾರಿದಾಗ ರೆಕ್ಕೆಯಲ್ಲಿ ಕಡುನೀಲಿ, ತಿಳಿನೀಲಿ ಪಟ್ಟೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ತಲೆಯಿಂದ ಹೊಟ್ಟೆವರೆಗೆ ಒಂದೇ ಸಮ ತಿಳಿನೀಲಿ, ಬೆನ್ನು ಇಟ್ಟಿಗೆ ಕಂದು, ಹಾರಿದಾಗ ರೆಕ್ಕೆಯ ಹಿಂಭಾಗ ಪೂರ್ತಿ ಕಪ್ಪು ಕಂಡರೆ ಅದು ಯುರೋಪಿಯನ್ ರೋಲರ್. ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕಡೆ ಇಳಿದಿರುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥದ್ದು ಕಂಡರೆ ಒಂದು ಫೋಟೋ, ಇಲ್ಲದಿದ್ದರೆ ನಾಲ್ಕು ಸಾಲು ವಿವರ, ತಾರೀಖು ಮತ್ತು ಊರಿನ ಹೆಸರು ಕಳಿಸಿ. ಆ ಫೋನಿಗೆ ನಾನು ಎಷ್ಟು ಹೊತ್ತಿನಲ್ಲಿ ಬೇಕಾದರೂ ಎದ್ದು ಮಾತಾಡುತ್ತೇನೆ.