ಬ್ರೂಕ್ಲಿನ್‌ನಲ್ಲಿ ಕ್ರೇಟನ್‌ನ ಸಮಾಧಿ ಹುಡುಕಿಕೊಂಡು

ನ್ಯೂಯಾರ್ಕಿನಲ್ಲಿ ಎಲ್ಲರೂ ನೋಡುವುದನ್ನೆಲ್ಲ ನಾವೂ ನೋಡಿದೆವು. ಟೈಮ್ಸ್ ಸ್ಕ್ವೇರ್‌ನ ಗದ್ದಲ ನನಗೆ ಹಿಡಿಸಲೇ ಇಲ್ಲ. ಮನಸ್ಸಿನಲ್ಲಿ ಉಳಿದದ್ದು ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನ.

ಬಾಡಿಗೆ ಕಾರಿನವನು ಬೀಗ ಬಿದ್ದಿದ್ದ ಹಿಂಬದಿಯ ಗೇಟಿನೆದುರು ನಮ್ಮನ್ನು ಇಳಿಸಿ ಹೊರಟೇಹೋದ. ಬಿಸಿಲಲ್ಲಿ ಬೇಲಿಯುದ್ದಕ್ಕೂ ನಡೆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ಆರ್ ರೈಲು ಹತ್ತಿ 25ನೇ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಿರಿ, ಮುಖ್ಯದ್ವಾರ ಅಲ್ಲಿಗೆ ಹತ್ತಿರ. ಒಳಗೆ 478 ಎಕರೆ, ಬರೀ ಏರುತಗ್ಗು. ನಕ್ಷೆ ಕೈಯಲ್ಲಿರಲಿ.

ನಾನು ಹುಡುಕುತ್ತಿದ್ದದ್ದು ಜಿಮ್ ಕ್ರೇಟನ್‌ನ ಸಮಾಧಿ. 1860ರ ಹೊತ್ತಿಗೆ ಬ್ರೂಕ್ಲಿನ್‌ನ ಎಕ್ಸೆಲ್ಸಿಯರ್ ಎಂಬ ಬೇಸ್‌ಬಾಲ್ ಕ್ಲಬ್ಬಿನ ಪಿಚರ್, ಅಂದರೆ ಬ್ಯಾಟಿನವನಿಗೆ ಚೆಂಡೆಸೆಯುವ ಆಟಗಾರ, ಆಗಿದ್ದವನು. ದುಡ್ಡು ತೆಗೆದುಕೊಂಡು ಬೇಸ್‌ಬಾಲ್ ಆಡುವುದಕ್ಕೆ ಆಗ ನಿಷೇಧವಿತ್ತು. ಇವನಿಗೆ ಕ್ಲಬ್ಬಿನವರು ಗುಟ್ಟಾಗಿ ಕೊಡುತ್ತಿದ್ದರೆಂದು ಇತಿಹಾಸಕಾರರು ನಂಬುತ್ತಾರೆ. ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ ರಾಜಾರೋಷವಾಗಿ ಸಂಬಳದ ಆಟಗಾರರನ್ನು ಕಣಕ್ಕಿಳಿಸಿದ್ದು 1869ರಲ್ಲಿ.

ಅಮೃತಶಿಲೆಯ ಎತ್ತರದ ಕಂಬ. ಮೈಮೇಲೆ ಅಡ್ಡಡ್ಡ ಕೆತ್ತಿದ ಬ್ಯಾಟುಗಳು, ಟೋಪಿ. ತುದಿಯಲ್ಲೊಂದು ಚೆಂಡು, ಮೂಲದ್ದು ಕಾಣೆಯಾಗಿ ಎಷ್ಟೋ ವರ್ಷವಾದ ಮೇಲೆ ಹೊಸದಾಗಿ ಕೂರಿಸಿದ್ದು. ಅಲ್ಲೇ ನಿಂತಿದ್ದ ವೃದ್ಧರೊಬ್ಬರು ತಾವಾಗಿಯೇ ಮಾತಿಗೆಳೆದು ಕ್ರೇಟನ್ ಸತ್ತ ಕಥೆ ಹೇಳಿದರು. ಹೋಮ್ ರನ್ ಎಂದರೆ ಒಂದೇ ಹೊಡೆತಕ್ಕೆ ಮೈದಾನದ ನಾಲ್ಕೂ ಬೇಸ್‌ಗಳನ್ನು, ಅಂದರೆ ಓಡಿ ಮುಟ್ಟಬೇಕಾದ ನೆಲೆಗಳನ್ನು, ಸುತ್ತಿ ಬರುವುದು.

"ಹೋಮ್ ರನ್ ಹೊಡೆದ ರಭಸಕ್ಕೆ ಹೊಟ್ಟೆಯೊಳಗೆ ಏನೋ ಹರಿಯಿತಂತೆ. ಬೆಲ್ಟ್ ಕಿತ್ತುಹೋಯಿತು ಅಂದುಕೊಂಡು ಓಟ ಮುಗಿಸಿದನಂತೆ."

"ಆ ದಿನದ ಪಂದ್ಯದ ವಿವರದಲ್ಲಿ ಅವನ ಹೆಸರಲ್ಲಿ ಹೋಮ್ ರನ್ನೇ ಇಲ್ಲವಂತಲ್ಲ ಸರ್?" ಅಂದೆ.

"ಗೊತ್ತು. ನಾನೂ ಓದಿದ್ದೇನೆ. ಆದರೆ ನನಗೆ ಇದನ್ನು ಹೇಳಿದವರು ನನ್ನ ತಾತ. ಅವರ ಮಾತನ್ನು ನಾನು ಹೇಗೆ ಬಿಡಲಿ?"

"ಬಿಡಬೇಡಿ, ತಾತ ಹೇಳಿದ್ದು ಅಂತಲೇ ಹೇಳಿ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗೆ ಹೇಳಬಹುದು" ಎಂದರು.

ನನಗಂತೂ ಆ ಹೋಮ್ ರನ್ ಬೇಕಾಗಿಲ್ಲ. 1862ರ ಅಕ್ಟೋಬರ್ 14ರಂದು ಯೂನಿಯನ್ ತಂಡದ ವಿರುದ್ಧ ಆಡಿದ, 18ರಂದು ತೀರಿಕೊಂಡ. ವಯಸ್ಸು 21. ಕ್ರಿಕೆಟ್ ಆಡುವಾಗ ಆದ ಪೆಟ್ಟು ಎಂಬ ಮಾತು ಆಗಲೇ ಇತ್ತು. ಅಂಡವಾಯು, ಅಂದರೆ ಹರ್ನಿಯಾ, ಬಿಗಿದುಕೊಂಡು ಸತ್ತಿರಬೇಕೆಂಬುದು ಈಗಿನವರ ಊಹೆ. ಸುಲಭದ ಶಸ್ತ್ರಚಿಕಿತ್ಸೆ ಇಲ್ಲದ ಕಾಲದಲ್ಲಿ ನಾಲ್ಕು ದಿನ ನೋವು ತಿಂದ ಹುಡುಗ ಅವನು. ವೀರಮರಣದ ಕಥೆ ಆ ನೋವನ್ನೇ ಮರೆಮಾಚಿಬಿಡುತ್ತದೆ.

ಹೆನ್ರಿ ಚಾಡ್ವಿಕ್ ಇರುವುದೂ ಇದೇ ಸ್ಮಶಾನದಲ್ಲಿ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಕ್ರಿಕೆಟ್ ವರದಿಗಾರನಾಗಿ ಆರಂಭಿಸಿ, ಯಾರು ಎಷ್ಟು ಹೊಡೆದರು, ಯಾರು ಔಟಾದರು ಎಂದು ಬೇಸ್‌ಬಾಲ್ ಪಂದ್ಯಗಳನ್ನು ಕೋಷ್ಟಕದಲ್ಲಿ ಬರೆದಿಡುವ ಪದ್ಧತಿ ಬೆಳೆಸಿದವನು. ಅವನ ಸಮಾಧಿಯ ನಾಲ್ಕು ಮೂಲೆಗೂ ಕಲ್ಲಿನ ಬೇಸ್‌ಗಳಿವೆ. ಆಡಂಬರ ಸ್ವಲ್ಪ ಹೆಚ್ಚೇ ಅನ್ನಿಸಿದರೂ ಇವನಿಗೆ ಅದು ಸಲ್ಲಬೇಕಾದ್ದೇ. ಪಂದ್ಯದ ಲೆಕ್ಕ ಬರೆದಿಡುವ ರೂಢಿ ಇರದಿದ್ದರೆ, ತಾತನ ಕಥೆಯ ಪಕ್ಕದಲ್ಲಿಟ್ಟು ನೋಡಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ. ಕ್ರೇಟನ್‌ನನ್ನು ನೋಡಹೋದವರು ಚಾಡ್ವಿಕ್‌ನನ್ನೂ ನೋಡಿಯೇ ಬನ್ನಿ.